ಹತ್ತಡಿ ಕೋಣೆಯಲ್ಲಿ ಕ್ಯಾಮೆರಾ

ಒಂದು ಕೋಣೆ, ಒಂದು ಉದ್ದನೆಯ ಮೇಜು, ಸುತ್ತ ಹನ್ನೆರಡು ಮಂದಿ. 1957ರಲ್ಲಿ ತೆರೆಕಂಡ ‘12 ಆಂಗ್ರಿ ಮೆನ್’ ಚಿತ್ರದ 96 ನಿಮಿಷಗಳಲ್ಲಿ ಬೆರಳೆಣಿಕೆಯಷ್ಟು ನಿಮಿಷ ಬಿಟ್ಟರೆ ಮಿಕ್ಕ ಕಥೆಯೆಲ್ಲ ನಡೆಯುವುದು ಜ್ಯೂರಿ ಸದಸ್ಯರು ಕೂತ ಈ ಕೊಠಡಿಯಲ್ಲೇ. ಸಿಡ್ನಿ ಲ್ಯೂಮೆಟ್ ಅವರಿಗೆ ಅದು ನಿರ್ದೇಶಕರಾಗಿ ಮೊದಲ ಚಲನಚಿತ್ರ. ಕೋಣೆ ಚಿಕ್ಕದೆಂಬ ಸಂಗತಿಯನ್ನು ಮುಚ್ಚಿಡುವ ಬದಲು ಅವರು ಅದನ್ನೇ ದುಡಿಸಿಕೊಂಡರು.

ಛಾಯಾಗ್ರಾಹಕ ಬೋರಿಸ್ ಕೌಫ್‌ಮನ್ ಜೊತೆ ಸೇರಿ ಅವರು ಹಾಕಿದ ಲೆಕ್ಕ ಹೀಗಿತ್ತು: ಚಿತ್ರದ ಮೊದಲ ಮೂರನೇ ಒಂದು ಭಾಗದಲ್ಲಿ ಕ್ಯಾಮೆರಾ ಕಣ್ಣಿನ ಮಟ್ಟಕ್ಕಿಂತ ಮೇಲೆ, ನಡುವಿನ ಭಾಗದಲ್ಲಿ ಕಣ್ಣಿನ ಮಟ್ಟದಲ್ಲಿ, ಕೊನೆಯ ಭಾಗದಲ್ಲಿ ಅದಕ್ಕಿಂತ ಕೆಳಗೆ. ಲೆನ್ಸ್‌ಗಳ ಫೋಕಲ್ ಲೆಂಗ್ತ್ ಕೂಡ ಹಂತಹಂತವಾಗಿ ಹೆಚ್ಚುತ್ತ ಹೋಯಿತು. ಹಾಗಾಗಿ ವಾದ ಬಿಸಿಯೇರಿದಂತೆ ಗೋಡೆಗಳು ಹತ್ತಿರ ಸರಿದಂತೆ, ಛಾವಣಿ ತಲೆಯ ಮೇಲೇ ಇಳಿದಂತೆ ಕಾಣುತ್ತದೆ. ಕೋಣೆ ಮಾತ್ರ ಇದ್ದಷ್ಟೇ ಇದೆ!

ನಟರು ಎಲ್ಲಿ ನಿಲ್ಲಬೇಕು, ಯಾವ ಮಾತಿಗೆ ಏಳಬೇಕು, ಯಾರ ಹಿಂದಿನಿಂದ ಹಾದು ಕಿಟಕಿ ಸೇರಬೇಕು ಎಂದು ಮೊದಲೇ ಗೊತ್ತುಮಾಡುವ ಕೆಲಸಕ್ಕೆ ಚಿತ್ರರಂಗದಲ್ಲಿ ಬ್ಲಾಕಿಂಗ್ ಎನ್ನುತ್ತಾರೆ. ಲ್ಯೂಮೆಟ್ ಇದಕ್ಕಾಗಿ ಚಿತ್ರೀಕರಣಕ್ಕೆ ಮುನ್ನ ಎರಡು ವಾರ ತಾಲೀಮು ನಡೆಸಿದರು. ಸಣ್ಣ ಜಾಗದಲ್ಲಿ ಈ ಸಿದ್ಧತೆಯಿಲ್ಲದೆ ದೀಪ ಹಚ್ಚುವಂತೆಯೇ ಇಲ್ಲ. ನಟ ಎಲ್ಲಿರುತ್ತಾನೆಂದು ತಿಳಿಯದೆ ಇಟ್ಟ ಸ್ಟ್ಯಾಂಡು ಒಂದೋ ಫ್ರೇಮಿನೊಳಗೆ ಬರುತ್ತದೆ, ಇಲ್ಲವೇ ಅವನ ಕಾಲಿಗೆ ತೊಡರುತ್ತದೆ.

ಬೆಳಕಿನ ಸಮಸ್ಯೆಗೆ ಭೌತಶಾಸ್ತ್ರದ ಕಾರಣವೂ ಇದೆ. ಸಣ್ಣ ದೀಪದಿಂದ ದೂರ ಇಮ್ಮಡಿಯಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ದೀಪದಿಂದ ಒಂದು ಮೀಟರ್ ದೂರದಲ್ಲಿ ನಿಂತ ನಟಿ ಇನ್ನೊಂದು ಮೀಟರ್ ಹಿಂದೆ ಸರಿದರೆ ಮುಖ ಕಪ್ಪಿಡುತ್ತದೆ. ಅದೇ ದೀಪವನ್ನು ಕಿಟಕಿಯಾಚೆ ಐದು ಮೀಟರ್ ದೂರಕ್ಕೆ ಒಯ್ದರೆ ಅವಳ ಒಂದು ಹೆಜ್ಜೆಯಿಂದ ಅಷ್ಟೊಂದು ವ್ಯತ್ಯಾಸವಾಗುವುದಿಲ್ಲ. ಅನುಭವಿಗಳು ದೊಡ್ಡ ದೀಪವನ್ನು ಹೊರಗೆ ನಿಲ್ಲಿಸಿ, ಒಳಗೆ ಥರ್ಮಾಕೋಲ್ ಹಲಗೆಯಿಂದ ಬೆಳಕನ್ನು ಮರಳಿಸುವುದು ಇದೇ ಕಾರಣಕ್ಕೆ. ಬಿಳಿ ಗೋಡೆ ಬೇಡದ ಬೆಳಕನ್ನು ಎಲ್ಲೆಡೆ ಚೆಲ್ಲಿದರೆ ಕಪ್ಪು ಬಟ್ಟೆ ಇಳಿಬಿಡುತ್ತಾರೆ. ನಟರನ್ನು ಗೋಡೆಯಿಂದ ಮೂರು-ನಾಲ್ಕು ಅಡಿ ಮುಂದಕ್ಕೆ ತಂದರೆ ನೆರಳು ಬೆನ್ನಿಗಂಟುವುದು ತಪ್ಪುತ್ತದೆ, ಚಿತ್ರಕ್ಕೆ ಆಳವೂ ಬರುತ್ತದೆ.

ಬೆಳಕನ್ನು ಮರಳಿಸುವ ಈ ಬೌನ್ಸ್ ವಿಧಾನಕ್ಕೆ ಭಾರತದಲ್ಲೊಂದು ಹೆಮ್ಮೆಯ ಅಧ್ಯಾಯವಿದೆ. 1956ರ ‘ಅಪರಾಜಿತೋ’ ಚಿತ್ರಕ್ಕೆ ಬನಾರಸಿನ ಮನೆಯೊಂದರ ಒಳಂಗಳ ಬೇಕಿತ್ತು. ಮಳೆಯ ಭಯದಿಂದ ಕಲಾ ನಿರ್ದೇಶಕ ಬನ್ಸಿ ಚಂದ್ರಗುಪ್ತ ಅದನ್ನು ಕಲ್ಕತ್ತಾದ ಸ್ಟುಡಿಯೋದಲ್ಲಿ ಕಟ್ಟಲು ಮುಂದಾದರು. ಎತ್ತರದ ಗೋಡೆಗಳ ನಡುವೆ ಆಕಾಶದಿಂದ ಇಳಿಯುವ ನೆರಳಿಲ್ಲದ ಬೆಳಕನ್ನು ಸ್ಟುಡಿಯೋದಲ್ಲಿ ತರಲಾಗದೆಂದು ಛಾಯಾಗ್ರಾಹಕ ಸುಬ್ರತ ಮಿತ್ರ ವಿರೋಧಿಸಿದರು. ಕೊನೆಗೆ ಒಪ್ಪಿ, ಸೆಟ್ಟಿನ ಮೇಲೆ ಬಿಳಿ ಬಟ್ಟೆ ಬಿಗಿದು, ದೀಪಗಳನ್ನು ಕೆಳಗಿನಿಂದ ಅದರತ್ತ ತಿರುಗಿಸಿದರು. ಬಟ್ಟೆಯೇ ಆಕಾಶವಾಯಿತು. ಆಗ ಮಿತ್ರರಿಗೆ ಇಪ್ಪತ್ತೈದರ ಆಸುಪಾಸಿನ ವಯಸ್ಸು. ಸತ್ಯಜಿತ್ ರಾಯ್ ಅವರ ಆ ಚಿತ್ರ 1957ರಲ್ಲಿ ವೆನಿಸ್ ಉತ್ಸವದ ಗೋಲ್ಡನ್ ಲಯನ್ ಗೆದ್ದಿತು.

ಸಹಜ ಬೆಳಕಿನ ಮೇಲಿನ ಇಂಥದೇ ಒಲವು ಬಾಲು ಮಹೇಂದ್ರ ಅವರದೂ ಆಗಿತ್ತು. ಛಾಯಾಗ್ರಾಹಕರಾಗಿದ್ದ ಅವರು ನಿರ್ದೇಶಕರಾದದ್ದು ಕನ್ನಡದಲ್ಲೇ, 1977ರ ‘ಕೋಕಿಲಾ’ ಚಿತ್ರದ ಮೂಲಕ.

ಇಂದು ಕಡಿಮೆ ಬೆಳಕಿನಲ್ಲೂ ಕಾಣಬಲ್ಲ ಡಿಜಿಟಲ್ ಕ್ಯಾಮೆರಾ ಬಂದಿದೆ, ಅಂಗೈಯಗಲದ ಎಲ್ಇಡಿ ದೀಪ ಸಿಗುತ್ತದೆ. ಬಾಡಿಗೆ ಮನೆಯ ಅಡುಗೆಕೋಣೆಯಲ್ಲೇ ಕಿರುಚಿತ್ರ ತೆಗೆಯಹೊರಟ ಯುವಕ ಯುವತಿಯರು ‘12 ಆಂಗ್ರಿ ಮೆನ್’ ಚಿತ್ರವನ್ನು ಒಮ್ಮೆ ಸದ್ದು ಆರಿಸಿ ನೋಡಬೇಕು. ಯಾರು ಯಾವಾಗ ಎದ್ದರು, ಬೆಳಕು ಯಾವ ಕಡೆಯಿಂದ ಬಂತು, ಕ್ಯಾಮೆರಾ ಎಷ್ಟು ಎತ್ತರದಲ್ಲಿತ್ತು ಎಂದು ಬರೆದಿಟ್ಟುಕೊಳ್ಳಲಿ. ಉಪಕರಣಗಳ ಬಾಡಿಗೆಗೆ ಹಣ ಕಟ್ಟುವ ಮೊದಲೇ ಮಾಡಬೇಕಾದ ಕೆಲಸವಿದು.