ಅಕ್ಕನ ಅಂಗಿ ತಮ್ಮನಿಗೆ

ಮನೆಯಲ್ಲಿ ಗಂಡುಮಗು ಹುಟ್ಟಿದಾಗ ಅಕ್ಕನ ಫ್ರಾಕು, ಕುಲಾವಿಗಳನ್ನು ಪೆಟ್ಟಿಗೆಯಿಂದ ಹೊರತೆಗೆಯುವುದು ನಮ್ಮಲ್ಲಿ ನಡೆದುಬಂದ ರೂಢಿ. ಗಂಡಿಗೆ ಹೆಣ್ಣಿನ ಬಟ್ಟೆಯೇ ಎಂದು ಹಿಂಜರಿಯುವವರೂ ಉಂಟು. ಆ ಹಿಂಜರಿಕೆಗೆ ಕಾರಣವಿಲ್ಲ. ಮುಂದೆ ಅಮೆರಿಕದ ಅಧ್ಯಕ್ಷರಾದ ಫ್ರಾಂಕ್ಲಿನ್ ರೂಸ್‌ವೆಲ್ಟರು 1884ರಲ್ಲಿ, ಎರಡೂವರೆ ವರ್ಷದವರಿದ್ದಾಗ ತೆಗೆದ ಚಿತ್ರದಲ್ಲಿ ಬಿಳಿಯ ಲಂಗ ತೊಟ್ಟಿದ್ದಾರೆ. 1918ರಲ್ಲಿ ಆ ದೇಶದ ಬಟ್ಟೆ ವ್ಯಾಪಾರದ ಪತ್ರಿಕೆಯೊಂದು ಗುಲಾಬಿ ಬಣ್ಣ ಗಂಡಿಗೆ, ನೀಲಿ ಹೆಣ್ಣಿಗೆ ಎಂದು ಬರೆದಿತ್ತು! ಬಣ್ಣದ ನಿಯಮ ಕಾಲಕ್ಕೊಂದು. ಹಲವು ಸಲ ಒಗೆದ ಹತ್ತಿಬಟ್ಟೆ ಮೃದುವಾಗಿ ಎಳೆಯ ಮೈಗೆ ಹಿತ, ಹಣವೂ ಉಳಿತಾಯ.

ಎಚ್ಚರ ವಹಿಸಬೇಕಾದುದು ಬೇರೆ ವಿಷಯದಲ್ಲಿ. ಹುಳ ಹಿಡಿಯದಿರಲೆಂದು ಪೆಟ್ಟಿಗೆಯಲ್ಲಿ ನುಸಿಗುಳಿಗೆ ಹಾಕಿಡುತ್ತೇವೆ. ಅದರಲ್ಲಿರುವ ನ್ಯಾಫ್ತಲೀನ್ ಬಟ್ಟೆಗೆ ಹಿಡಿದು, ಜಿ-6-ಪಿ-ಡಿ ಎಂಬ ಕಿಣ್ವ ಹುಟ್ಟಿನಿಂದಲೇ ಕಡಿಮೆಯಿರುವ ಶಿಶುವಿನ ರಕ್ತಕಣಗಳನ್ನು ಒಡೆಯಬಲ್ಲದು. ಆಗ ಕಾಮಾಲೆ ಏರಿ ಮೆದುಳಿಗೂ ಪೆಟ್ಟಾದೀತು. ಈ ಕೊರತೆ ಗಂಡುಮಕ್ಕಳಲ್ಲೇ ಹೆಚ್ಚು. ಅಕ್ಕನಿಗೆ ಏನೂ ಆಗಲಿಲ್ಲವೆಂದು ತಮ್ಮನ ವಿಷಯದಲ್ಲಿ ನಿಶ್ಚಿಂತರಾಗಿರುವಂತಿಲ್ಲ.

ಆದುದರಿಂದ ಕೂಸಿನ ಬಟ್ಟೆಯ ಪೆಟ್ಟಿಗೆಗೆ ನುಸಿಗುಳಿಗೆ ಬೇಡ. ಒಗೆದು, ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ಬಿಗಿಯಾಗಿ ಮುಚ್ಚಿಡಿ. ಗುಳಿಗೆಯೊಡನೆ ಇಟ್ಟಿದ್ದ ಬಟ್ಟೆಯನ್ನು ಎಳೆಗೂಸಿಗೆ ತೊಡಿಸದಿರುವುದೇ ಕ್ಷೇಮ. ತೋಟದಲ್ಲಿ ಔಷಧಿ ಹೊಡೆದವರ ಬಟ್ಟೆಯೊಡನೆ ಕೂಸಿನದನ್ನು ಒಗೆಯಬೇಡಿ. ಮಗುವಿನ ಕಣ್ಣು ಹಳದಿಯಾದರೆ, ಮೂತ್ರ ಕಪ್ಪಾದರೆ ಕೂಡಲೇ ವೈದ್ಯರಲ್ಲಿಗೆ ಒಯ್ಯಿರಿ. ನುಸಿಗುಳಿಗೆಯ ಸಂಗತಿಯನ್ನೂ ತಿಳಿಸಿರಿ.