ನೀರಿನ ನಡುವೆ ನಮ್ಮ ಮೊರೆ: ನೌಕಾ ರೇಡಿಯೋ ಬಳಸುವ ಬಗೆ

(ಸಂಘದ ಬೇಸಿಗೆಯ ಕೂಟದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಕೆಲವು ವರ್ಷಗಳ ಹಿಂದೆ, ಜುಲೈ ತಿಂಗಳ ಒಂದು ಮಧ್ಯಾಹ್ನ, ನಾವು ಎರಡು ಕುಟುಂಬದವರು ಬಾಡಿಗೆಯ ದೋಣಿಯೊಂದರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಗೆ ವಿಹಾರ ಹೊರಟೆವು. ಬುತ್ತಿಯಲ್ಲಿ ಚಿತ್ರಾನ್ನ, ಮೊಸರನ್ನ ಎಲ್ಲವೂ ಇದ್ದವು. ಏಂಜಲ್ ದ್ವೀಪದ ಸಮೀಪ ಎಂಜಿನ್ ನಿಂತಿತು. ಗೋಲ್ಡನ್ ಗೇಟ್ ಕಡೆಯಿಂದ ಮಂಜು ತೆವಳಿ ಬರುತ್ತಿತ್ತು. ಇಳಿತದ ಸೆಳೆತ ನಮ್ಮನ್ನು ಹಡಗುಗಳ ಹಾದಿಯತ್ತ ಒಯ್ಯುತ್ತಿತ್ತು. ದೋಣಿ ನಡೆಸಬಲ್ಲ ಸ್ನೇಹಿತರು ಕಾಲು ಜಾರಿ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡಿದ್ದರು. ಉಳಿದವರೆಲ್ಲ ತಮ್ಮ ತಮ್ಮ ಮೊಬೈಲ್ ಹಿಡಿದು ಗೆಳೆಯರಿಗೆ ಕರೆ ಮಾಡಿದೆವು. ಗೆಳೆಯರು ಗಾಬರಿಯಾದರೇ ಹೊರತು ನಾವೆಲ್ಲಿದ್ದೇವೆಂದು ಅವರಿಗೆ ತಿಳಿಯಲಿಲ್ಲ. ಕೊನೆಗೆ ಹಾದುಹೋಗುತ್ತಿದ್ದ ಹಾಯಿದೋಣಿಯೊಂದು ನಮ್ಮ ಕೂಗು ಕೇಳಿ ದಡಕ್ಕೆ ಎಳೆದೊಯ್ದಿತು. ಅಷ್ಟು ಹೊತ್ತೂ ಚುಕ್ಕಾಣಿಯ ಪಕ್ಕದಲ್ಲೇ ನೌಕಾ ರೇಡಿಯೋ ತೂಗುತ್ತಿತ್ತು. ಅದನ್ನು ಮುಟ್ಟುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಆ ನಾಚಿಕೆಯೇ ಈ ಉಪನ್ಯಾಸಕ್ಕೆ ಕಾರಣ.

ಮೊಬೈಲ್ ಇರುವಾಗ ರೇಡಿಯೋ ಏಕೆ ಎಂಬ ಪ್ರಶ್ನೆ ಸಹಜ. ದೂರವಾಣಿಯ ಮಾತು ಒಬ್ಬರಿಗೆ ಮಾತ್ರ ಕೇಳುತ್ತದೆ. ರೇಡಿಯೋದಲ್ಲಿ ಆಡಿದ ಮಾತು ಸುತ್ತಲಿನ ಎಲ್ಲ ದೋಣಿಗಳಿಗೂ, ಹಡಗುಗಳಿಗೂ, ಕೋಸ್ಟ್ ಗಾರ್ಡ್ ಎಂಬ ತಟರಕ್ಷಣಾ ಪಡೆಗೂ ಏಕಕಾಲಕ್ಕೆ ಕೇಳುತ್ತದೆ. ನೆರವು ನೀಡಬಲ್ಲವರು ಬಹುಮಟ್ಟಿಗೆ ಹತ್ತಿರದಲ್ಲಿರುವವರೇ. ಅಷ್ಟೇ ಅಲ್ಲದೆ, ಅಮೆರಿಕದ ತಟರಕ್ಷಣಾ ಪಡೆಯ ಗೋಪುರಗಳು ಧ್ವನಿ ಬಂದ ದಿಕ್ಕನ್ನೂ ಗುರುತಿಸಬಲ್ಲವು.

ಆಲಿಸುವವರಿದ್ದರೆ ಮಾತ್ರ ಮೊರೆಗೆ ಬೆಲೆ ಎಂಬುದನ್ನು ಲೋಕ ಕಲಿತದ್ದು 1912ರ ಏಪ್ರಿಲ್‌ನಲ್ಲಿ. ಟೈಟಾನಿಕ್ ಮುಳುಗುತ್ತಿದ್ದಾಗ ಅದಕ್ಕೆ ಸಮೀಪದಲ್ಲಿದ್ದ ಕ್ಯಾಲಿಫೋರ್ನಿಯನ್ ಹಡಗಿನ ಏಕಮಾತ್ರ ರೇಡಿಯೋ ನಿರ್ವಾಹಕ ಮಲಗಿಬಿಟ್ಟಿದ್ದ. ಬಹುದೂರದಲ್ಲಿದ್ದ ಕಾರ್ಪೇಥಿಯಾ ಸಂದೇಶ ಕೇಳಿ ಧಾವಿಸಿ ಏಳುನೂರಕ್ಕೂ ಮಿಕ್ಕಿದ ಜನರನ್ನು ಉಳಿಸಿತು. ಸಮುದ್ರದಲ್ಲಿ ಜೀವರಕ್ಷಣೆಯ ಮೊದಲ ಅಂತರರಾಷ್ಟ್ರೀಯ ಒಪ್ಪಂದ 1914ರಲ್ಲಿ ರೂಪುಗೊಂಡದ್ದು ಈ ದುರಂತದ ಫಲವಾಗಿಯೇ.

ಇಂದು ಸಣ್ಣ ದೋಣಿಗಳಲ್ಲಿ ಬಳಕೆಯಲ್ಲಿರುವುದು ವಿ.ಎಚ್.ಎಫ್. ರೇಡಿಯೋ. ಅದರ 16ನೆಯ ಚಾನೆಲ್, ಅಂದರೆ 156.8 ಮೆಗಾಹರ್ಟ್ಸ್, ಜಗತ್ತಿನಾದ್ಯಂತ ಆಪತ್ತಿನ ಕರೆಗೂ ಸುರಕ್ಷತೆಯ ಕರೆಗೂ ಮೀಸಲಾದದ್ದು. ಅಲ್ಲಿ ಹರಟೆ ಸಲ್ಲದು. ಈ ತರಂಗಗಳು ಹೆಚ್ಚುಕಡಿಮೆ ದೃಷ್ಟಿರೇಖೆಯಲ್ಲೇ ಸಾಗುವುದರಿಂದ ಆಂಟೆನಾ ಎತ್ತರವಾದಷ್ಟೂ ದೂರ ಮುಟ್ಟುತ್ತವೆ. ದೋಣಿಗೆ ಜೋಡಿಸಿದ ರೇಡಿಯೋದ ಗರಿಷ್ಠ ಶಕ್ತಿ 25 ವಾಟ್. ಕೈಯಲ್ಲಿ ಹಿಡಿಯುವಂಥದ್ದು ಸಾಮಾನ್ಯವಾಗಿ 5 ಅಥವಾ 6 ವಾಟ್. ಆಪತ್ತಿನಲ್ಲಿ ಗರಿಷ್ಠ ಶಕ್ತಿಯನ್ನೇ ಬಳಸಬೇಕು.

ಕರೆಗಳು ಮೂರು ಬಗೆ. ಪ್ರಾಣಕ್ಕೋ ದೋಣಿಗೋ ಗಂಭೀರ ಅಪಾಯ ಎರಗಿ ತಕ್ಷಣ ನೆರವು ಬೇಕಾದಾಗ 'ಮೇಡೇ'. ತುರ್ತು ಇದ್ದರೂ ಆ ಕ್ಷಣಕ್ಕೆ ಅಂಥ ಅಪಾಯ ಇಲ್ಲದಾಗ 'ಪಾನ್-ಪಾನ್'. ತೇಲುವ ಮರದ ದಿಮ್ಮಿ, ಕೆಟ್ಟ ಹವೆ ಮುಂತಾದವುಗಳ ಬಗ್ಗೆ ಇತರರನ್ನು ಎಚ್ಚರಿಸಲು 'ಸೆಕ್ಯೂರಿಟೆ'. ಮೂರೂ ಫ್ರೆಂಚ್ ಮೂಲದವು. ಮೇಡೇ ಪದ 1920ರ ದಶಕದಲ್ಲಿ ಲಂಡನ್ನಿನ ಕ್ರಾಯ್ಡನ್ ವಿಮಾನ ನಿಲ್ದಾಣದ ರೇಡಿಯೋ ಅಧಿಕಾರಿ ಫ್ರೆಡರಿಕ್ ಮಾಕ್‌ಫರ್ಡ್ ಸೂಚಿಸಿದ್ದು. 'ನನಗೆ ನೆರವಾಗಿ' ಎಂಬ ಫ್ರೆಂಚ್ ಮಾತಿನ ಉಚ್ಚಾರಣೆ ಅದು. 1927ರ ವಾಷಿಂಗ್ಟನ್ ಸಮ್ಮೇಳನ ಅದನ್ನು ಅಂಗೀಕರಿಸಿತು. ಮೇ ತಿಂಗಳ ಮೊದಲ ದಿನಕ್ಕೂ ಅದಕ್ಕೂ ಸಂಬಂಧವಿಲ್ಲ.

ಈಗ ಕರೆಯುವ ಕ್ರಮ. ಮೊದಲು ಎಲ್ಲರಿಗೂ ಜೀವರಕ್ಷಕ ಅಂಗಿ ತೊಡಿಸಿ. ರೇಡಿಯೋ ಹಚ್ಚಿ 16ನೆಯ ಚಾನೆಲ್‌ಗೆ ತನ್ನಿ. ಮೈಕಿನ ಗುಂಡಿ ಒತ್ತಿ, ಒಂದು ಕ್ಷಣ ತಡೆದು, ಬಾಯಿಂದ ಒಂದೆರಡು ಅಂಗುಲ ದೂರ ಹಿಡಿದು, ನಿಧಾನವಾಗಿ ಹೀಗೆ ಹೇಳಿ:

"ಮೇಡೇ, ಮೇಡೇ, ಮೇಡೇ. ದಿಸ್ ಈಸ್ ಕಾವೇರಿ, ಕಾವೇರಿ, ಕಾವೇರಿ. ಮೇಡೇ, ಕಾವೇರಿ. ಹಾಫ್ ಎ ಮೈಲ್ ಸೌತ್ ಆಫ್ ಏಂಜಲ್ ಐಲೆಂಡ್. ವಿ ಆರ್ ಟೇಕಿಂಗ್ ಆನ್ ವಾಟರ್. ವಿ ನೀಡ್ ಇಮಿಡಿಯೆಟ್ ಹೆಲ್ಪ್. ಸಿಕ್ಸ್ ಪರ್ಸನ್ಸ್, ಟೂ ಆಫ್ ದೆಮ್ ಚಿಲ್ಡ್ರನ್. ವೈಟ್ ಮೋಟರ್‌ಬೋಟ್, ಟ್ವೆಂಟಿ ಟೂ ಫೀಟ್. ಓವರ್."

ಯಾರು, ಎಲ್ಲಿ, ಏನಾಯಿತು, ಏನು ಬೇಕು, ಎಷ್ಟು ಜನ ಎಂಬ ಐದು ಪ್ರಶ್ನೆಗಳಿಗೆ ಇದರಲ್ಲಿ ಉತ್ತರವಿದೆ. ಇವುಗಳಲ್ಲಿ 'ಎಲ್ಲಿ' ಎಂಬುದೇ ಮುಖ್ಯ. ಮಾತು ನಡುವೆ ಕಡಿದುಹೋದರೂ ಸ್ಥಳ ತಿಳಿದಿದ್ದರೆ ಹುಡುಕಿ ಬರುತ್ತಾರೆ. ಮಾತು ಮುಗಿದೊಡನೆ ಗುಂಡಿಯನ್ನು ಬಿಡಬೇಕು. ಒತ್ತಿಕೊಂಡೇ ಇದ್ದರೆ ಉತ್ತರ ಕೇಳಿಸದು, ಇತರರ ದಾರಿಯೂ ಕಟ್ಟುತ್ತದೆ. ಉತ್ತರ ಬಾರದಿದ್ದರೆ ಮತ್ತೆ ಮತ್ತೆ ಕರೆಯಿರಿ. ನಮ್ಮ ಉಚ್ಚಾರಣೆ ಇವರಿಗೆ ತಿಳಿದೀತೇ ಎಂಬ ಸಂಕೋಚ ಬೇಡ. ಹೆಸರು ಅರ್ಥವಾಗದಿದ್ದರೆ 'ಆಲ್ಫಾ, ಬ್ರಾವೋ, ಚಾರ್ಲಿ' ಎಂಬ ಅಂತರರಾಷ್ಟ್ರೀಯ ವರ್ಣಮಾಲೆಯಲ್ಲಿ ಅಕ್ಷರ ಬಿಡಿಸಿ ಹೇಳಬಹುದು. ಆ ಪದ್ಧತಿ ಹುಟ್ಟಿದ್ದೇ ನಾನಾ ದೇಶಗಳವರ ನಾನಾ ಉಚ್ಚಾರಣೆಗಳ ಸಲುವಾಗಿ.

ಈಗಿನ ರೇಡಿಯೋಗಳಲ್ಲಿ ಮುಚ್ಚಳದಡಿ ಕೆಂಪು ಗುಂಡಿಯೊಂದಿರುತ್ತದೆ. ಅದನ್ನು ಕೆಲವು ಸೆಕೆಂಡು ಒತ್ತಿ ಹಿಡಿದರೆ 70ನೆಯ ಚಾನೆಲ್‌ನಲ್ಲಿ ದೋಣಿಯ ಗುರುತು ಮತ್ತು ಸ್ಥಾನ ತಾನಾಗಿ ರವಾನೆಯಾಗುತ್ತವೆ. ಆದರೆ ಒಂಬತ್ತು ಅಂಕಿಗಳ ಗುರುತುಸಂಖ್ಯೆಯನ್ನು ಮೊದಲೇ ನೋಂದಾಯಿಸಿ ತುಂಬಿರಬೇಕು, ಜಿ.ಪಿ.ಎಸ್. ಸಂಪರ್ಕವೂ ಇರಬೇಕು. ಗುಂಡಿ ಒತ್ತಿದ ಬಳಿಕ 16ರಲ್ಲಿ ಬಾಯಿಮಾತಿನ ಕರೆಯನ್ನೂ ಮಾಡಬೇಕು. ಮಕ್ಕಳು ತಪ್ಪಾಗಿ ಒತ್ತಿಬಿಟ್ಟರೆ ಸುಮ್ಮನಿರದೆ, ಅದು ಕೈತಪ್ಪೆಂದು ಕೂಡಲೇ 16ರಲ್ಲಿ ತಿಳಿಸಿ ರದ್ದುಪಡಿಸಿ. ಬೇಕೆಂದೇ ಸುಳ್ಳು ಕರೆ ಮಾಡುವುದು ಅಮೆರಿಕದಲ್ಲಿ ಘೋರ ಅಪರಾಧ. ಶೋಧನೆಯ ವೆಚ್ಚವನ್ನೂ ತೆರಬೇಕಾಗುತ್ತದೆ.

ಇತರರ ಮೇಡೇ ನಿಮಗೆ ಕೇಳಿದರೆ ಮಾತು ನಿಲ್ಲಿಸಿ, ಕೇಳಿದ್ದನ್ನು ಬರೆದುಕೊಳ್ಳಿ. ಯಾರೂ ಉತ್ತರಿಸದಿದ್ದಲ್ಲಿ ನೀವೇ ಉತ್ತರಿಸಿ, 'ಮೇಡೇ ರಿಲೇ' ಎಂದು ಮೂರು ಬಾರಿ ಹೇಳಿ ಸುದ್ದಿ ಮುಂದೆ ಮುಟ್ಟಿಸಿ.

ಪರವಾನಗಿ ಇಲ್ಲವಲ್ಲ ಎಂದು ಹಿಂಜರಿಯುವವರಿದ್ದಾರೆ. ಅಮೆರಿಕದ ಒಳನೀರಿನಲ್ಲಿ ಸಣ್ಣ ವಿಹಾರದೋಣಿಗಳ ವಿ.ಎಚ್.ಎಫ್. ರೇಡಿಯೋಗೆ ಪರವಾನಗಿ ಬೇಕಿಲ್ಲ. ಕೆನಡಾ, ಬ್ರಿಟನ್‌ಗಳಲ್ಲಿ ಬಳಸುವವರಿಗೆ ಪ್ರಮಾಣಪತ್ರ ಬೇಕು. ಆದರೆ ಪ್ರಾಣಾಪಾಯದ ಹೊತ್ತಿನಲ್ಲಿ ಯಾರೇ ಆಗಲಿ ರೇಡಿಯೋ ಎತ್ತಿಕೊಂಡು ನೆರವು ಕೋರಬಹುದು.

ನಮ್ಮ ಕೋರಿಕೆ ಇಷ್ಟೇ. ಮುಂದಿನ ಸಲ ದೋಣಿ ಏರುವ ಮುನ್ನ, ದಡದಲ್ಲೇ ನಿಂತು, ರೇಡಿಯೋ ಎಲ್ಲಿದೆ, ಹೇಗೆ ಹಚ್ಚಬೇಕು ಎಂದು ಕೇಳಿ ತಿಳಿಯಿರಿ. ಚುಕ್ಕಾಣಿ ಹಿಡಿಯುವವರಲ್ಲದೆ ಇನ್ನಿಬ್ಬರಿಗಾದರೂ ಅದು ಗೊತ್ತಿರಲಿ. ಆ ಇಬ್ಬರಲ್ಲಿ ಮನೆಯ ಮಗನೋ ಮಗಳೋ ಒಬ್ಬರಾಗಿರಲಿ. ಮೇಲಿನ ಸಂದೇಶವನ್ನು ಕಾಗದದಲ್ಲಿ ಬರೆದು ರೇಡಿಯೋ ಪಕ್ಕ ಅಂಟಿಸಿ. ಬುತ್ತಿ ಕಟ್ಟುವಷ್ಟೇ ಶ್ರದ್ಧೆ ಇದಕ್ಕೂ ಸಲ್ಲಲಿ. ಅಂದು ನಮ್ಮ ದೋಣಿಯಲ್ಲಿ ಆ ಒಂದು ಚೀಟಿ ಇದ್ದಿದ್ದರೆ, ಮಂಜಿನಲ್ಲಿ ಮಕ್ಕಳನ್ನು ಅಪ್ಪಿಕೊಂಡು ಅಷ್ಟು ಹೊತ್ತು ಕೂಗಬೇಕಾಗುತ್ತಿರಲಿಲ್ಲ.