ಮೀನಿನ ಬುಟ್ಟಿಯಿಂದ ಪ್ರಯೋಗಶಾಲೆಯವರೆಗೆ

‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬುದು ನಮ್ಮ ಹಿರಿಯರ ಮಾತು. ಆದರೆ ಆಹಾರದಲ್ಲಿ ಬೆರೆತಿರುವ ವಿಷವು ಕಣ್ಣಿಗೂ ನಾಲಗೆಗೂ ತಿಳಿಯದಿದ್ದಲ್ಲಿ ಊಟ ಬಲ್ಲವನಾದರೂ ಏನು ಮಾಡಬಲ್ಲನು?

2018ರ ಜೂನ್ ತಿಂಗಳಿನಲ್ಲಿ ಕೇರಳದ ಜನತೆಗೆ ಈ ಪ್ರಶ್ನೆ ಎದುರಾಯಿತು. ರಾಜ್ಯದ ಆಹಾರ ಸುರಕ್ಷತಾ ಇಲಾಖೆಯು ‘ಆಪರೇಷನ್ ಸಾಗರ ರಾಣಿ’ ಎಂಬ ಹೆಸರಿನಲ್ಲಿ ತಪಾಸಣೆ ನಡೆಸಿ, ತಿರುವನಂತಪುರ ಜಿಲ್ಲೆಯ ಅಮರವಿಳ ಮೊದಲಾದ ಗಡಿ ಠಾಣೆಗಳಲ್ಲಿ ಫಾರ್ಮಲಿನ್ ಬೆರೆತ ಸಾವಿರಾರು ಕಿಲೋ ಮೀನನ್ನು ತಡೆಹಿಡಿಯಿತು. ಫಾರ್ಮಲಿನ್ ಎಂಬುದು ಶವಗಳನ್ನು ಕೆಡದಂತೆ ಕಾಪಾಡಲು ಬಳಸುವ ದ್ರಾವಣ. ಮಂಜುಗಡ್ಡೆಯ ಖರ್ಚನ್ನು ಉಳಿಸಲು ಹಳೆಯ ಮೀನಿಗೆ ತಾಜಾತನದ ವೇಷ ತೊಡಿಸುವ ದುರಾಸೆಯೇ ಇದರ ಮೂಲ.

ಈ ತಪಾಸಣೆಗೆ ನೆರವಾದುದು ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯು ರೂಪಿಸಿದ ಸರಳ ಪರೀಕ್ಷಾ ಪೆಟ್ಟಿಗೆ. ಅದರ ಕಾಗದದ ಪಟ್ಟಿಯನ್ನು ಮೀನಿಗೆ ಉಜ್ಜಿ ರಾಸಾಯನಿಕದ ಹನಿ ಹಾಕಿದರೆ ಕೆಲವೇ ನಿಮಿಷಗಳಲ್ಲಿ ಬಣ್ಣವು ಬದಲಾಗಿ ಕಲಬೆರಕೆಯ ಸುಳಿವು ದೊರೆಯುತ್ತದೆ.

ಹಾಗಾದರೆ ಮಾರಾಟಗಾರನಿಗೆ ಕೂಡಲೇ ಶಿಕ್ಷೆಯೇಕಾಗದು? ಬಣ್ಣವು ಸಂಶಯಕ್ಕೆ ಆಧಾರವೇ ಹೊರತು ಸಾಕ್ಷ್ಯವಲ್ಲ. ಕೆಲವು ಜಾತಿಯ ಮೀನುಗಳಲ್ಲಿ ಫಾರ್ಮಾಲ್ಡಿಹೈಡ್ ಅಲ್ಪ ಪ್ರಮಾಣದಲ್ಲಿ ಸಹಜವಾಗಿಯೇ ಉಂಟಾಗುತ್ತದೆ. ಆದುದರಿಂದ ಪ್ರಯೋಗಶಾಲೆಯಲ್ಲಿ ಅದರ ಪ್ರಮಾಣವನ್ನು ಅಳೆಯುವುದು ಅನಿವಾರ್ಯ. ತಿರುವನಂತಪುರದ ಸರ್ಕಾರಿ ವಿಶ್ಲೇಷಕರ ಪ್ರಯೋಗಶಾಲೆ ಹಾಗೂ ಎರ್ನಾಕುಳಂನ ಪ್ರಾದೇಶಿಕ ಪ್ರಯೋಗಶಾಲೆಗಳು ಇಂತಹ ಕಾರ್ಯಕ್ಕಾಗಿಯೇ ಇವೆ.

2011ರ ಆಗಸ್ಟ್ 5ರಂದು ಜಾರಿಗೆ ಬಂದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯು ಮಾದರಿ ಸಂಗ್ರಹಣೆಗೆ ಕಟ್ಟುನಿಟ್ಟಾದ ಕ್ರಮವನ್ನು ವಿಧಿಸಿದೆ. ಅಧಿಕಾರಿಯು ಮಾದರಿಯ ಬೆಲೆಯನ್ನು ಅಂಗಡಿಯವನಿಗೆ ತೆರಬೇಕು. ಅದನ್ನು ನಾಲ್ಕು ಭಾಗ ಮಾಡಿ ಮೊಹರು ಹಾಕಬೇಕು. ಒಂದು ಭಾಗ ವಿಶ್ಲೇಷಕರಿಗೆ, ಎರಡು ಭಾಗ ಅಂಕಿತ ಅಧಿಕಾರಿಯ ಸುಪರ್ದಿಗೆ ಸೇರುತ್ತವೆ. ವ್ಯಾಪಾರಿಯು ಕೋರಿದಲ್ಲಿ ನಾಲ್ಕನೆಯದು ಮಾನ್ಯತೆ ಪಡೆದ ಬೇರೊಂದು ಪ್ರಯೋಗಶಾಲೆಗೆ ಹೋಗುತ್ತದೆ. ಎರಡೂ ವರದಿಗಳು ಭಿನ್ನವಾದರೆ ಉನ್ನತ ಪ್ರಯೋಗಶಾಲೆಯ ತೀರ್ಮಾನವೇ ಅಂತಿಮ. ವಿಶ್ಲೇಷಕರ ವರದಿಗೆ 14 ದಿನಗಳ ಅವಧಿಯಿದೆ. ನಿರಪರಾಧಿಗೆ ಅನ್ಯಾಯವಾಗದಿರಲೆಂದೇ ಈ ಎಚ್ಚರಿಕೆ.

ಆದರೆ ಮೀನು 14 ದಿನ ಕಾಯುವುದಿಲ್ಲ, ಹಸಿವೂ ಕಾಯುವುದಿಲ್ಲ. ವರದಿ ಬರುವ ವೇಳೆಗೆ ಉಳಿದ ಮೀನು ಅಡುಗೆಮನೆಗಳನ್ನು ಸೇರಿರುತ್ತದೆ. ಆದುದರಿಂದ ಗಡಿಯಲ್ಲಿಯೂ ಮಾರುಕಟ್ಟೆಯಲ್ಲಿಯೂ ತ್ವರಿತ ಪರೀಕ್ಷೆ ನಿರಂತರವಾಗಿ ನಡೆಯಬೇಕು. ಸಂಶಯಾಸ್ಪದ ಸರಕು ವರದಿ ಬರುವ ತನಕ ಮಾರಾಟವಾಗಕೂಡದು. ಪ್ರಯೋಗಶಾಲೆಯು ಅಪರಾಧವನ್ನು ಸಾಬೀತುಪಡಿಸೀತು. ಜನರ ಆರೋಗ್ಯವನ್ನು ಉಳಿಸುವುದು ಮಾತ್ರ ಈ ಮುಂಜಾಗ್ರತೆಯೇ.

ಗ್ರಾಹಕನೂ ಇಲ್ಲಿ ಅಸಹಾಯಕನಲ್ಲ. ಕಾಯ್ದೆಯ 40ನೆಯ ಕಲಮಿನಂತೆ, ಕೊಳ್ಳುವಾಗಲೇ ವ್ಯಾಪಾರಿಗೆ ತಿಳಿಸಿ, ಶುಲ್ಕ ತೆತ್ತು, ಯಾವನೇ ಗ್ರಾಹಕನು ಆಹಾರವನ್ನು ವಿಶ್ಲೇಷಣೆಗೆ ಒಪ್ಪಿಸಬಹುದು. ದೋಷ ಕಂಡುಬಂದಲ್ಲಿ ಶುಲ್ಕವು ಹಿಂದಿರುಗುತ್ತದೆ. ಈ ಹಕ್ಕು ಕಾನೂನಿನ ಪುಸ್ತಕದಲ್ಲಿ ಉಳಿದರೆ ಸಾಲದು. ಸಂತೆಗೆ ಹೊರಟವನ ಕೈಚೀಲದೊಡನೆ ಅದೂ ಹೊರಡಬೇಕು.